ಬಿಡುಗಡೆಯಾದ ಮೇಲೆ ಏನು? ಉಡುಮಲೈ ಸೀಮೆಯ ಮಿಲ್ಲು ಹುಡುಗಿಯರ ಪ್ರಶ್ನೆ

ಉಡುಮಲೈಪೇಟೆ: ಕನ್ನಡದಲ್ಲಿ ಸುಮಂಗಲಿ ಎಂದರೆ ಮುತ್ತೈದೆ. ತಮಿಳಿನಲ್ಲೂ ಅದೇ ಅರ್ಥ. ಆದರೆ ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಜಿಲ್ಲೆಗಳ ಬಡವರ ಮನೆಗಳಲ್ಲಿ ಈ ಮಾತಿಗೆ ಇನ್ನೊಂದು ಅರ್ಥವೂ ಹುಟ್ಟಿಕೊಂಡಿತು. 'ಸುಮಂಗಲಿ ತಿಟ್ಟಂ', ಅಂದರೆ ಸುಮಂಗಲಿ ಯೋಜನೆ. ಹೆಸರು ಕೇಳಿದರೆ ಸರ್ಕಾರದ ಯಾವುದೋ ಕಲ್ಯಾಣ ಕಾರ್ಯಕ್ರಮ ಅನ್ನಿಸುತ್ತದೆ. ಅದು ಸರ್ಕಾರದ್ದಲ್ಲ. ನೂಲಿನ ಮಿಲ್ಲುಗಳು ಮದುವೆಯಾಗದ ಹುಡುಗಿಯರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಕಂಡುಕೊಂಡ ದಾರಿ.

ಲೆಕ್ಕ ಸರಳ. ಹುಡುಗಿ ಮೂರು ವರ್ಷ ಮಿಲ್ಲಿನ ಹಾಸ್ಟೆಲ್‌ನಲ್ಲೇ ಇದ್ದು ದುಡಿಯಬೇಕು. ಊಟ, ವಸತಿ ಮಿಲ್ಲಿನದು. ದಿನಗೂಲಿ ಕಡಿಮೆ. ಮೂರು ವರ್ಷ ಮುಗಿದ ದಿನ ಮೂವತ್ತು ಸಾವಿರದಿಂದ ಐವತ್ತು ಸಾವಿರ ರೂಪಾಯಿವರೆಗೆ ಒಂದೇ ಗಂಟು ಕೈಗೆ ಬರುತ್ತದೆ. ಅದರಲ್ಲಿ ಮದುವೆ ಮಾಡಿಕೊಳ್ಳಬಹುದು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಆದರೂ ಅದೇ ವರದಕ್ಷಿಣೆಯ ಚಿಂತೆಯನ್ನು ಮುಂದಿಟ್ಟು ಹುಡುಗಿಯರನ್ನು ಕರೆತರಲಾಯಿತು.

ಈ ವಿಷಯ ಹೊಸದೇನಲ್ಲ. ಪತ್ರಿಕೆಗಳಲ್ಲಿ ಬಂದಿದೆ, ವಿದೇಶಗಳಲ್ಲೂ ಚರ್ಚೆಯಾಗಿದೆ. ಆದರೆ ಚರ್ಚೆಯೆಲ್ಲ ಹೆಚ್ಚಾಗಿ ಒಂದೇ ಜಾಗದಲ್ಲಿ ನಿಂತುಬಿಡುತ್ತದೆ: 'ಇಷ್ಟು ಮಂದಿಯನ್ನು ಬಿಡಿಸಲಾಯಿತು'. ಬಿಡಿಸಿದ ಮರುದಿನ ಏನಾಯಿತು? ಮೂರು ತಿಂಗಳ ನಂತರ ಆಕೆ ಎಲ್ಲಿದ್ದಾಳೆ? ಈ ಪ್ರಶ್ನೆ ಕೇಳುವವರು ಕಡಿಮೆ. ಈ ಲೇಖನ ಆ ಪ್ರಶ್ನೆಯ ಬಗ್ಗೆ.

ಮಿಲ್ಲುಗಳು ಬಂದ ಬಗೆ

ಉಡುಮಲೈ ಸೀಮೆಗೂ ಹತ್ತಿಗೂ ಹಳೆಯ ನಂಟು. ಕರಿಮಣ್ಣಿನ ಹೊಲ, 1930ರ ದಶಕದಲ್ಲಿ ಬಂದ ಪೈಕಾರ ಜಲವಿದ್ಯುತ್, ಪಕ್ಕದಲ್ಲೇ ಕೊಯಮತ್ತೂರಿನ ಬಂಡವಾಳ. ಇವೆಲ್ಲ ಸೇರಿ ಈ ಭಾಗದಲ್ಲಿ ನೂಲಿನ ಮಿಲ್ಲುಗಳು ಬೆಳೆದವು. ಇಲ್ಲಿಯ ನೂಲು ತಿರುಪ್ಪೂರಿಗೆ ಹೋಗಿ ಬನಿಯನ್, ಟೀ ಶರ್ಟ್ ಆಗಿ ಯೂರೋಪ್, ಅಮೆರಿಕದ ಅಂಗಡಿ ಸೇರುತ್ತದೆ. ಮೊದಲು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಉಡುಮಲೈ ತಾಲೂಕು 2009ರಲ್ಲಿ ಹೊಸದಾಗಿ ರಚನೆಯಾದ ತಿರುಪ್ಪೂರು ಜಿಲ್ಲೆಗೆ ಸೇರಿತು.

ಒಂದು ಕಾಲದಲ್ಲಿ ಮಿಲ್ಲು ಕೆಲಸ ಎಂದರೆ ಗಂಡಸರ ಖಾಯಂ ಕೆಲಸ. ಸಂಘವಿತ್ತು, ಬೋನಸ್ ಇತ್ತು, ಮುಷ್ಕರವೂ ಇತ್ತು. 1990ರ ದಶಕದ ನಂತರ ಸಣ್ಣ ಸಣ್ಣ ಹೊಸ ಮಿಲ್ಲುಗಳು ಹಳ್ಳಿಗಳ ಹೊರವಲಯದಲ್ಲಿ ಎದ್ದವು. ಅವುಗಳಿಗೆ ಬೇಕಾಗಿದ್ದು ಸಂಘ ಕಟ್ಟದ, ಪ್ರಶ್ನೆ ಕೇಳದ, ರಾತ್ರಿ ಪಾಳಿಗೂ ಕರೆದ ಕೂಡಲೇ ಬರುವ ಕೈಗಳು. ಕಾಂಪೌಂಡಿನ ಒಳಗೇ ಹಾಸ್ಟೆಲ್ ಕಟ್ಟಿ ಹದಿಹರೆಯದ ಹುಡುಗಿಯರನ್ನು ಇಟ್ಟುಕೊಂಡರೆ ಈ ಮೂರೂ ಸಿಗುತ್ತವೆ. ದಕ್ಷಿಣ ತಮಿಳುನಾಡಿನ ಬರಪೀಡಿತ ಜಿಲ್ಲೆಗಳಿಂದ ದಲ್ಲಾಳಿಗಳು ಅವರನ್ನು ಕರೆತಂದರು. ತಲೆಗೆ ಇಷ್ಟು ಎಂದು ದಲ್ಲಾಳಿಗೆ ಕಮಿಷನ್.

2011ರಲ್ಲಿ ನೆದರ್ಲೆಂಡ್ಸ್‌ನ ಸೋಮೊ ಮತ್ತು ಇಂಡಿಯಾ ಕಮಿಟಿ ಎಂಬ ಎರಡು ಸಂಸ್ಥೆಗಳು ಈ ಪದ್ಧತಿಯ ಬಗ್ಗೆ ವರದಿ ಹೊರತಂದವು. 2014ರಲ್ಲಿ ತಮಿಳುನಾಡಿನ ಐದು ಮಿಲ್ಲುಗಳ ಕುರಿತು ಇನ್ನೊಂದು ವರದಿ ಬಂತು. ಉದ್ದನೆಯ ಪಾಳಿ, ಕಡಿಮೆ ಕೂಲಿ, ಹಾಸ್ಟೆಲ್ ಗೇಟು ದಾಟಲು ಅನುಮತಿ ಇಲ್ಲದಿರುವುದು, ಮನೆಯವರೊಂದಿಗೆ ಮಾತಾಡಲೂ ಕಡಿವಾಣ: ಎರಡರಲ್ಲೂ ಇದೇ ಕಥೆ. ಹುಡುಗಿಯರಲ್ಲಿ ಹಲವರು ದಲಿತ ಕುಟುಂಬಗಳವರು. ವಿದೇಶಿ ಬ್ರಾಂಡುಗಳು ಎಚ್ಚೆತ್ತವು, ಒಪ್ಪಂದಗಳಿಗೆ ಹೊಸ ಷರತ್ತು ಸೇರಿದವು. 'ಸುಮಂಗಲಿ' ಎಂಬ ಬೋರ್ಡು ಬಹುಮಟ್ಟಿಗೆ ಕೆಳಗಿಳಿಯಿತು. ಅದೇ ಪದ್ಧತಿ 'ಕ್ಯಾಂಪ್ ಕೂಲಿ' ಎಂಬ ಹೆಸರಿನಲ್ಲಿ, 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಮುಂದುವರಿದದ್ದೂ ಉಂಟು. ಈಗ ಒಡಿಶಾ, ಜಾರ್ಖಂಡ್, ಬಿಹಾರ, ಅಸ್ಸಾಂ ಕಡೆಯಿಂದಲೂ ಯುವಕ ಯುವತಿಯರು ಈ ಭಾಗಕ್ಕೆ ದುಡಿಯಲು ಬರುತ್ತಾರೆ.

ಮಿಲ್ಲುಗಳ ಕಡೆಯವರ ಮಾತನ್ನೂ ಹೇಳಬೇಕು. ದೂರದ ಊರಿನಿಂದ ಬರುವ ಹುಡುಗಿಯರ ಸುರಕ್ಷತೆಗೆ ಹಾಸ್ಟೆಲ್ ಬೇಕೇ ಬೇಕು, ಗೇಟಿಗೆ ಬೀಗ ಹಾಕುವುದು ತಂದೆತಾಯಿಯರೇ ಕೇಳುವುದರಿಂದ, ಎಂದು ಅವರ ವಾದ. ಎಲ್ಲ ಮಿಲ್ಲುಗಳೂ ಒಂದೇ ಅಲ್ಲ ಎಂಬುದೂ ನಿಜ. ಸರಿಯಾದ ಸಂಬಳ ಕೊಟ್ಟು, ಭಾನುವಾರ ಪೇಟೆಗೆ ಹೋಗಲು ಬಿಟ್ಟು, ನೆಮ್ಮದಿಯಾಗಿ ನಡೆಯುವ ಮಿಲ್ಲುಗಳೂ ಇವೆ. ಹಾಸ್ಟೆಲ್ ಇರುವುದೇ ತಪ್ಪಲ್ಲ. ಬಿಟ್ಟು ಹೋಗಬೇಕು ಅನ್ನಿಸಿದಾಗ ಬಿಟ್ಟು ಹೋಗಲು ಆಗುತ್ತದೆಯೇ, ದುಡಿದದ್ದು ಕೈಗೆ ಸಿಗುತ್ತದೆಯೇ ಎಂಬುದೇ ಪರೀಕ್ಷೆ.

ಇದು ಜೀತವೇ? ಕಳ್ಳಸಾಗಣೆಯೇ?

'ಮಾನವ ಕಳ್ಳಸಾಗಣೆ' ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮುಂಬಯಿ, ಕೋಲ್ಕತಾದ ಕೆಂಪುದೀಪದ ಬೀದಿಗಳು. ಕಾನೂನು ಅಷ್ಟಕ್ಕೇ ನಿಲ್ಲುವುದಿಲ್ಲ. ಮೋಸ ಮಾಡಿ, ಆಮಿಷ ತೋರಿಸಿ ಅಥವಾ ಅಧಿಕಾರ ದುರುಪಯೋಗ ಮಾಡಿ ಒಬ್ಬರನ್ನು ಶೋಷಣೆಗಾಗಿ ಕರೆತರುವುದು, ಸಾಗಿಸುವುದು, ಇರಿಸಿಕೊಳ್ಳುವುದು ಎಲ್ಲವೂ ಕಳ್ಳಸಾಗಣೆಯೇ. 2013ರಲ್ಲಿ ಭಾರತೀಯ ದಂಡ ಸಂಹಿತೆಯ 370ನೇ ಕಲಮಿಗೆ ಈ ವಿವರ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 143ನೇ ಕಲಮು. 'ಅವಳೇ ಒಪ್ಪಿ ಬಂದಳು' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಸಂತ್ರಸ್ತೆಯ ಒಪ್ಪಿಗೆ ಅಪರಾಧವನ್ನು ಅಳಿಸುವುದಿಲ್ಲ ಎಂದು ಕಾನೂನೇ ಹೇಳಿದೆ.

ಇನ್ನು ಜೀತ. ಇಲ್ಲಿ ಅಧಿಕಾರಿಗಳು ಸಾಮಾನ್ಯವಾಗಿ ಎತ್ತುವ ಆಕ್ಷೇಪ ಒಂದಿದೆ: 'ಹುಡುಗಿ ಸಾಲ ಪಡೆದಿಲ್ಲವಲ್ಲ, ಮುಂಗಡ ಪಡೆದಿಲ್ಲವಲ್ಲ, ಮತ್ತೆ ಜೀತ ಹೇಗಾಗುತ್ತದೆ?' ಇದಕ್ಕೆ ಸುಪ್ರೀಂ ಕೋರ್ಟ್ 1983ರಲ್ಲೇ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಒಬ್ಬರಿಂದ ಬಲವಂತದ ದುಡಿಮೆ ಮಾಡಿಸಲಾಗಿದೆ ಎಂದು ಕಂಡುಬಂದರೆ ಅದರ ಹಿಂದೆ ಮುಂಗಡವೋ ಬೇರೆ ಆರ್ಥಿಕ ಕಾರಣವೋ ಇದೆ ಎಂದೇ ಭಾವಿಸಬೇಕು, ಅಲ್ಲ ಎಂದು ತೋರಿಸುವ ಹೊಣೆ ದುಡಿಸಿಕೊಂಡವನದು. ಅದಕ್ಕೂ ಮೊದಲು, 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕೂಲಿಗಳ ಪ್ರಕರಣದಲ್ಲಿ ಅದೇ ಕೋರ್ಟ್ ಇನ್ನೊಂದು ಮಾತು ಹೇಳಿತ್ತು. ಹಸಿವಿನ ಒತ್ತಡದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸುತ್ತದೆ ಎಂದು.

ಅಂದರೆ ಮೂರು ವರ್ಷದ ಕೊನೆಯಲ್ಲಿ ಕೊಡುವ ಆ ಗಂಟು ಉಡುಗೊರೆಯಲ್ಲ. ಅದು ತಿಂಗಳು ತಿಂಗಳು ಕೊಡಬೇಕಾಗಿದ್ದ ಕೂಲಿಯೇ. ಎಷ್ಟೋ ಸಲ ಭವಿಷ್ಯನಿಧಿಯ ಹಣವೂ ಅದರಲ್ಲೇ ಸೇರಿರುತ್ತದೆ. ಎರಡೂವರೆ ವರ್ಷಕ್ಕೆ ಕಾಯಿಲೆ ಬಿದ್ದು ಊರಿಗೆ ಹೋದರೆ ಗಂಟು ಇಲ್ಲ. ಸಾಲ ಕೊಟ್ಟು ಕಟ್ಟಿಹಾಕುವುದು ಹಳೆಯ ಜೀತ. ಕೂಲಿ ಹಿಡಿದಿಟ್ಟುಕೊಂಡು ಕಟ್ಟಿಹಾಕುವುದು ಹೊಸ ಜೀತ.

ಬಿಡಿಸಿದ ದಿನ, ಅದರ ಮರುದಿನ

ಇಲ್ಲಿ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಇದು ಒಬ್ಬಳ ಕಥೆಯಲ್ಲ, ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಕಥೆ. ವಯಸ್ಸು ಹತ್ತೊಂಬತ್ತು. ಯಾರೋ ದೂರು ಕೊಟ್ಟರು. ಕಂದಾಯ ಇಲಾಖೆ, ಪೊಲೀಸ್, ಕಾರ್ಮಿಕ ಇಲಾಖೆಯವರು ಮಿಲ್ಲಿಗೆ ಬಂದರು. ಸಂಜೆಯ ಹೊತ್ತಿಗೆ ಹುಡುಗಿಯರನ್ನು ವ್ಯಾನಿಗೆ ಹತ್ತಿಸಿದರು. ಒಂದೆರಡು ದಿನ ಯಾವುದೋ ವಸತಿಗೃಹ. ಆಮೇಲೆ ಬಸ್ ಚಾರ್ಜು ಕೊಟ್ಟು ಊರಿಗೆ ಕಳುಹಿಸಿದರು. ಪತ್ರಿಕೆಯಲ್ಲಿ ಸುದ್ದಿ ಬಂತು. ಸರ್ಕಾರಿ ಕಡತದಲ್ಲಿ ಕೆಲಸ ಮುಗಿಯಿತು.

ಹುಡುಗಿಯ ಮನೆಯಲ್ಲಿ ಆಗಷ್ಟೇ ಶುರುವಾಯಿತು. ಎರಡು ವರ್ಷ ದುಡಿದದ್ದಕ್ಕೆ ಕೈಯಲ್ಲಿ ಏನೂ ಇಲ್ಲ. ಆಧಾರ್ ಕಾರ್ಡು, ಶಾಲೆಯ ಟಿ.ಸಿ. ಮಿಲ್ಲಿನ ಆಫೀಸಿನಲ್ಲೇ ಉಳಿದಿವೆ. ಮಗಳ ಗಂಟು ಬರುತ್ತದೆಂದು ನಂಬಿ ಅಪ್ಪ ಬಡ್ಡಿಗೆ ಸಾಲ ಮಾಡಿದ್ದಾನೆ. ಕೆಮ್ಮು ನಿಲ್ಲುತ್ತಿಲ್ಲ. 'ಪೊಲೀಸರು ಹಿಡಿದುಕೊಂಡು ಬಂದರಂತೆ, ಅಲ್ಲಿ ಏನು ನಡೀತೋ' ಎಂದು ಕೇರಿಯವರ ಗುಸುಗುಸು. ಬಂದ ಸಂಬಂಧ ತಪ್ಪಿತು. ಮೂರು ತಿಂಗಳಾದ ಮೇಲೆ ಅದೇ ದಲ್ಲಾಳಿ ಮನೆ ಬಾಗಿಲಿಗೆ ಬರುತ್ತಾನೆ. ಈ ಸಲ ಬೇರೆ ಮಿಲ್ಲು. ಹುಡುಗಿ ಹೋಗುತ್ತಾಳೆ. ಯಾರೂ ಅವಳನ್ನು ಎಳೆದುಕೊಂಡು ಹೋಗುವುದಿಲ್ಲ. ತಾನಾಗಿಯೇ ಹೋಗುತ್ತಾಳೆ.

ಇದನ್ನು ಸುಪ್ರೀಂ ಕೋರ್ಟ್ ಆಗಲೇ ಕಂಡಿತ್ತು. 1984ರ ನೀರಜಾ ಚೌಧರಿ ಪ್ರಕರಣದಲ್ಲಿ ಜೀತದಿಂದ ಬಿಡಿಸಿದರಷ್ಟೇ ಸಾಲದು, ಪುನರ್ವಸತಿ ಇಲ್ಲದಿದ್ದರೆ ಬಡತನವೂ ಹತಾಶೆಯೂ ಅವರನ್ನು ಮತ್ತೆ ಜೀತಕ್ಕೇ ತಳ್ಳುತ್ತವೆ ಎಂದು ಎಚ್ಚರಿಸಿತ್ತು. ನಾಲ್ಕು ದಶಕ ಕಳೆದಿದೆ. ಎಚ್ಚರಿಕೆ ಹಳೆಯದಾಗಿಲ್ಲ.

ಒಂದು ಕಾಗದದ ಬೆಲೆ

ಬಿಡುಗಡೆಯಾದವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಕಾಗದ: ಬಿಡುಗಡೆ ಪ್ರಮಾಣಪತ್ರ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಪ್ರಕಾರ 'ಈ ವ್ಯಕ್ತಿ ಜೀತದಲ್ಲಿದ್ದರು, ಈಗ ಬಿಡುಗಡೆಯಾಗಿದ್ದಾರೆ' ಎಂದು ಜಿಲ್ಲಾಧಿಕಾರಿ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟ್ ಬರೆದುಕೊಡುವ ಪತ್ರ. ಇದು ಕೈಯಲ್ಲಿದ್ದರೆ ಜೀತದ ಸಾಲ ರದ್ದಾಯಿತು ಎಂದು ತೋರಿಸಬಹುದು, ಸರ್ಕಾರದ ಪರಿಹಾರ ಕೇಳಬಹುದು. ಇಲ್ಲದಿದ್ದರೆ ಆಕೆ ಸರ್ಕಾರದ ಕಣ್ಣಿಗೆ ಕೆಲಸ ಬಿಟ್ಟು ಊರಿಗೆ ಹೋದ ಒಬ್ಬ ಕೂಲಿಯಷ್ಟೇ.

ಎಷ್ಟೋ ಪ್ರಕರಣಗಳಲ್ಲಿ ಇದು ಸಿಗುವುದೇ ಇಲ್ಲ. ಅಧಿಕಾರಿಗಳು ಪ್ರಕರಣವನ್ನು 'ಕನಿಷ್ಠ ಕೂಲಿ ಬಾಕಿ' ಎಂದೋ 'ಬಾಲಕಾರ್ಮಿಕ' ಎಂದೋ ದಾಖಲಿಸಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಜಿಲ್ಲೆಯಲ್ಲಿ ಜೀತ ಇದೆ ಎಂದು ಬರೆದುಕೊಡಲು ಯಾರಿಗೆ ತಾನೆ ಇಷ್ಟ?

ಪ್ರಮಾಣಪತ್ರ ಸಿಕ್ಕಿದವರಿಗೆ ಕೇಂದ್ರ ಸರ್ಕಾರದ 2016ರ ಪುನರ್ವಸತಿ ಯೋಜನೆ ಇದೆ. ವಯಸ್ಕ ಗಂಡಸಿಗೆ 1 ಲಕ್ಷ ರೂಪಾಯಿ. ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ. ವೇಶ್ಯಾವಾಟಿಕೆ, ಕಳ್ಳಸಾಗಣೆಯಂಥ ಘೋರ ಶೋಷಣೆಯಿಂದ ಪಾರಾದ ಹೆಂಗಸರು ಮಕ್ಕಳಿಗೆ ಹಾಗೂ ಲಿಂಗತ್ವ ಅಲ್ಪಸಂಖ್ಯಾತರಿಗೆ 3 ಲಕ್ಷ. ಇದರ ಜೊತೆಗೆ ನಿವೇಶನ, ಮನೆ, ಪಡಿತರ, ಮಕ್ಕಳ ಓದು ಇತ್ಯಾದಿ. ಕಾಗದದ ಮೇಲೆ ಇದು ಚಿಕ್ಕ ಮೊತ್ತವಲ್ಲ. ಒಂದು ಕುಟುಂಬದ ದಾರಿಯನ್ನೇ ಬದಲಿಸಬಲ್ಲದು.

ಆದರೆ ಇಲ್ಲೊಂದು ಗಂಟು ಇದೆ. ಪೂರ್ತಿ ಹಣವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಜೋಡಿಸಲಾಗಿದೆ. ತಕ್ಷಣದ ನೆರವು 2016ರಲ್ಲಿ 20 ಸಾವಿರ ಇತ್ತು, ಆಮೇಲೆ ಪರಿಷ್ಕರಿಸಿ 30 ಸಾವಿರದವರೆಗೆ ಏರಿಸಲಾಯಿತು. ಇದನ್ನು ಕೇಸು ಎಲ್ಲಿಗೆ ಬಂತೆಂದು ನೋಡದೆ ಜಿಲ್ಲಾಡಳಿತವೇ ಕೊಡಬಹುದು. ಅದಕ್ಕಾಗಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 10 ಲಕ್ಷ ರೂಪಾಯಿಯ ಖಾಯಂ ನಿಧಿ ಜಿಲ್ಲಾಧಿಕಾರಿಯ ಕೈಯಲ್ಲಿರಬೇಕು ಎಂದು ಯೋಜನೆ ಹೇಳುತ್ತದೆ. ಉಳಿದ ಹಣ ಮಾತ್ರ ಕೋರ್ಟಿನ ದಾರಿ ಕಾಯಬೇಕು. ನಮ್ಮ ಕೋರ್ಟುಗಳ ವೇಗ ಎಲ್ಲರಿಗೂ ಗೊತ್ತು. ಸಾಕ್ಷಿಗಳಲ್ಲಿ ಒಬ್ಬಳು ಒಡಿಶಾದಲ್ಲಿ, ಇನ್ನೊಬ್ಬಳು ಮದುವೆಯಾಗಿ ಬೇರೆ ಊರಲ್ಲಿ. ಮಾಲೀಕನ ವಕೀಲರು ಪ್ರತಿ ವಾಯಿದೆಗೂ ಹಾಜರು. ಶಿಕ್ಷೆಯಾಗದಿದ್ದರೆ ತಪ್ಪು ತನಿಖೆಯದು, ನಷ್ಟ ಹುಡುಗಿಯದು.

ಬಾಣಂತಿಗೆ ಬೇಕಾದ ಬಿಸಿನೀರನ್ನು ಮಗುವಿನ ನಾಮಕರಣದ ದಿನ ಕಾಯಿಸಿಕೊಟ್ಟರೆ ಏನು ಪ್ರಯೋಜನ? ಪುನರ್ವಸತಿಯ ಹಣವೂ ಹಾಗೆಯೇ. ಬಿಡುಗಡೆಯಾದ ಮೊದಲ ಮೂರು ತಿಂಗಳಲ್ಲಿ ಬಂದರೆ ಅದು ಬದುಕು. ಐದು ವರ್ಷ ಬಿಟ್ಟು ಬಂದರೆ ಅದು ಬರೀ ಲೆಕ್ಕ. ದಲ್ಲಾಳಿ ಬಾಗಿಲಿಗೆ ಬರುವ ಮೊದಲು ಸರ್ಕಾರ ಬರಬೇಕು. ಇಡೀ ಪ್ರಶ್ನೆ ಇರುವುದು ಇಷ್ಟರಲ್ಲೇ.

ಮೈ, ಮನಸ್ಸು, ಮನೆ

ದುಡ್ಡೊಂದೇ ಸಾಕೇ? ಸಾಲದು. ನೂಲಿನ ಮಿಲ್ಲಿನ ಗಾಳಿಯಲ್ಲಿ ಹತ್ತಿಯ ದೂಳು ತುಂಬಿರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಎದೆ ಬಿಗಿತ, ಕೆಮ್ಮು, ಏದುಸಿರು ಅದರ ಲಕ್ಷಣ. ನಿಂತೇ ದುಡಿಯುವುದು, ನಿದ್ದೆಗೆಟ್ಟ ರಾತ್ರಿ ಪಾಳಿ, ಸಾರವಿಲ್ಲದ ಊಟ, ಇದರಿಂದ ರಕ್ತಹೀನತೆ, ಮುಟ್ಟಿನ ತೊಂದರೆ. 2019ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ವರದಿಯೊಂದು ತಮಿಳುನಾಡಿನ ಗಾರ್ಮೆಂಟ್ಸ್‌ಗಳಲ್ಲಿ ಮುಟ್ಟಿನ ನೋವಿಗೆ ಹೆಸರಿಲ್ಲದ ಮಾತ್ರೆ ನುಂಗಿಸಿ ಕೆಲಸ ಮುಂದುವರಿಸುತ್ತಿದ್ದುದನ್ನು ಹೊರಹಾಕಿತು. ಹೀಗೆ ಹೊರಬಂದ ಹುಡುಗಿಗೆ ಒಂದು ಪೂರ್ಣ ವೈದ್ಯಕೀಯ ತಪಾಸಣೆ ಮೊದಲ ವಾರದಲ್ಲೇ ಆಗಬೇಕು. ಇಎಸ್ಐ ಕಾರ್ಡು ಮಾಡಿಸಿದ್ದರೆ ಅದರ ಹಕ್ಕು ಏನೆಂದು ತಿಳಿಸಿ ಹೇಳಬೇಕು.

ಮನಸ್ಸಿನ ಗಾಯ ಬೇರೆ. ರಾತ್ರಿ ಎಚ್ಚರವಾಗಿ ಪಾಳಿಯ ಸೈರನ್ ಕೇಳಿದಂತಾಗುವುದು, ಯಾರಾದರೂ ಜೋರಾಗಿ ಮಾತಾಡಿದರೆ ನಡುಗುವುದು, ತಾನೇ ತಪ್ಪು ಮಾಡಿದೆ ಎಂಬ ಭಾವನೆ. ಇದನ್ನು 'ಹುಚ್ಚು' ಎನ್ನದೆ ಕೇಳಿಸಿಕೊಳ್ಳುವ ಒಬ್ಬರು ಬೇಕು. ಅದು ಒಂದು ದಿನದ ಕೌನ್ಸೆಲಿಂಗ್ ಶಿಬಿರದಿಂದ ಆಗುವ ಕೆಲಸವಲ್ಲ.

ಇನ್ನೊಂದು ಸೂಕ್ಷ್ಮ ವಿಷಯ. ಬಿಡಿಸಿದವರನ್ನು ಎಲ್ಲಿ ಇಡಬೇಕು? ಹದಿನೆಂಟು ತುಂಬದವರಾದರೆ 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ವಯಸ್ಕ ಹೆಂಗಸರಿಗೆ ಮೊದಲು ಉಜ್ವಲ, ಸ್ವಾಧಾರ ಗೃಹಗಳಿದ್ದವು. 2022ರಲ್ಲಿ ಮಿಷನ್ ಶಕ್ತಿಯಡಿ ಎರಡನ್ನೂ ಸೇರಿಸಿ 'ಶಕ್ತಿ ಸದನ' ಎಂದು ಕರೆಯಲಾಯಿತು. ಆಶ್ರಯ ಬೇಕು ನಿಜ. ಆದರೆ ಬೀಗ ಹಾಕಿದ ಹಾಸ್ಟೆಲ್‌ನಿಂದ ಬಿಡಿಸಿ ಬೀಗ ಹಾಕಿದ ಇನ್ನೊಂದು ಮನೆಯಲ್ಲಿ ಕೂಡಿಟ್ಟರೆ ಅದನ್ನು ಬಿಡುಗಡೆ ಅನ್ನಬಹುದೇ? 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ರಕ್ಷಣಾಗೃಹಗಳ ಸಮೀಕ್ಷೆ ನಡೆಸಿ, ಇಷ್ಟಕ್ಕೆ ವಿರುದ್ಧವಾಗಿ ಇರಿಸಲಾದ ವಯಸ್ಕ ಮಹಿಳೆಯರ ಬಿಡುಗಡೆಗೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಹೇಳಿತು. ಆ ಪ್ರಕರಣ ಲೈಂಗಿಕ ಕಾರ್ಯಕರ್ತೆಯರಿಗೆ ಸಂಬಂಧಿಸಿದ್ದು. ಆದರೆ ಅದರ ತಿರುಳು ಎಲ್ಲರಿಗೂ ಒಂದೇ: ಎಲ್ಲಿರಬೇಕು, ಏನು ಮಾಡಬೇಕು ಎಂದು ಮೊದಲು ಅವಳನ್ನೇ ಕೇಳಿ.

ಭಾಷೆಯ ಗೋಡೆ

ಕನ್ನಡದ ಓದುಗರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಉಡುಮಲೈ, ಪೊಳ್ಳಾಚಿ, ಕೊಯಮತ್ತೂರು ಸುತ್ತ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ಇವೆ. ಹೊರಗೆ ತಮಿಳು, ಒಳಗೆ ಕನ್ನಡ. ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟದ ಹಳ್ಳಿಗಳಲ್ಲಿ ಕನ್ನಡವೇ ಊರಮಾತು. ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಬೆಟ್ಟ ಇಳಿದು ಮಿಲ್ಲಿಗೆ ಬಂದರೆ ತಮಿಳು ಮಾತಾಡಬಲ್ಲಳು, ಆದರೆ ತಮಿಳಿನಲ್ಲಿ ಬರೆದ ಕರಾರು ಓದಬಲ್ಲಳೇ? ಇನ್ನು ಒಡಿಶಾದಿಂದ ಬಂದವಳ ಪಾಡು ಕೇಳುವುದೇ ಬೇಡ. ಅವಳ ಹೇಳಿಕೆಯನ್ನು ದಲ್ಲಾಳಿಯೋ ಸೂಪರ್‌ವೈಸರೋ ಅನುವಾದಿಸಿ ಹೇಳಿದರೆ ಆ ಹೇಳಿಕೆಗೆ ಏನು ಬೆಲೆ? ಹೇಳಿಕೆ ತಪ್ಪಿದರೆ ಪ್ರಮಾಣಪತ್ರ ತಪ್ಪಿತು, ಪ್ರಮಾಣಪತ್ರ ತಪ್ಪಿದರೆ ಹಣ ತಪ್ಪಿತು.

ಜೊತೆಗೆ ಕಡತದ ಪ್ರಯಾಣ. ಬಿಡುಗಡೆ ತಿರುಪ್ಪೂರಿನಲ್ಲಿ, ಮನೆ ಬೇರೆ ರಾಜ್ಯದಲ್ಲಿ. ಪ್ರಮಾಣಪತ್ರ ಇಲ್ಲಿಯದು, ನಿವೇಶನ, ಪಡಿತರ ಅಲ್ಲಿಯದು. ಎರಡು ಜಿಲ್ಲಾಧಿಕಾರಿ ಕಚೇರಿಗಳ ನಡುವೆ ಪತ್ರ ಓಡಾಡುವಷ್ಟರಲ್ಲಿ ಹುಡುಗಿಯ ವಿಳಾಸವೇ ಬದಲಾಗಿರುತ್ತದೆ.

ದಾರಿ ತೋರಿದವರು

ಎಲ್ಲವೂ ಕತ್ತಲೆಯಲ್ಲ. ಕರ್ನಾಟಕದಲ್ಲಿ ಆನೇಕಲ್ ತಾಲೂಕಿನಿಂದ ಕೆಲಸ ಆರಂಭಿಸಿದ ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಒಂದು ಮುಖ್ಯ ಪಾಠ ಕಲಿಸಿತು. ಜೀತದಾಳುಗಳನ್ನು ಯಾರೋ ಬಂದು ಬಿಡಿಸುವುದಕ್ಕಿಂತ ಅವರೇ ಅರ್ಜಿ ಹಿಡಿದು ತಹಸೀಲ್ದಾರರ ಮುಂದೆ ನಿಲ್ಲುವಂತೆ ಮಾಡಬೇಕು, ಬಿಡುಗಡೆಯಾದವರು ಸಂಘಟಿತರಾಗಿ ಬೆನ್ನು ಹತ್ತಿದರೆ ಮಾತ್ರ ಕಡತ ಮುಂದೆ ಹೋಗುತ್ತದೆ ಎಂಬ ಪಾಠ. ತಮಿಳುನಾಡಿನ ಉತ್ತರದ ಜಿಲ್ಲೆಗಳಲ್ಲಿ ಇಟ್ಟಿಗೆ ಗೂಡು, ಅಕ್ಕಿ ಗಿರಣಿಗಳ ಜೀತದಿಂದ ಹೊರಬಂದವರೇ ಸೇರಿ ಬಿಡುಗಡೆಯಾದ ಜೀತದಾಳುಗಳ ಸಂಘ ಕಟ್ಟಿಕೊಂಡಿದ್ದಾರೆ. ಹೊಸದಾಗಿ ಬಿಡುಗಡೆಯಾದವರಿಗೆ ಕಚೇರಿಯ ದಾರಿ ತೋರಿಸುವವರು ಅವರೇ.

ತಿರುವಳ್ಳೂರು ಜಿಲ್ಲೆಯದು ಇನ್ನೊಂದು ಉದಾಹರಣೆ. ಇಟ್ಟಿಗೆ ಗೂಡಿನ ಜೀತದಿಂದ ಬಿಡುಗಡೆಯಾದ ಇರುಳ ಬುಡಕಟ್ಟಿನ ಕುಟುಂಬಗಳಿಗೆ ಜಿಲ್ಲಾಡಳಿತವೇ ಮುಂದೆ ನಿಂತು ಸ್ವಂತ ಇಟ್ಟಿಗೆ ಗೂಡು ಹಾಕಿಸಿಕೊಟ್ಟಿತು. ಅದರ ಹೆಸರು 'ಸಿರಗುಗಳ್', ಅಂದರೆ ರೆಕ್ಕೆಗಳು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅವರಿಗೆ ಬಾರದ ಹೊಸ ಕಸುಬು ಕಲಿಸಲು ಹೋಗಲಿಲ್ಲ. ಗೊತ್ತಿದ್ದ ಕಸುಬಿಗೇ ಅವರನ್ನು ಒಡೆಯರನ್ನಾಗಿ ಮಾಡಿತು. ನಮ್ಮಲ್ಲಿ ಪುನರ್ವಸತಿ ಅಂದ ಕೂಡಲೇ ಎರಡು ವಾರದ ಮೇಣದಬತ್ತಿ ತರಬೇತಿ, ಉಪ್ಪಿನಕಾಯಿ ತರಬೇತಿ. ಮೂರು ವರ್ಷ ರಿಂಗ್ ಫ್ರೇಮ್ ಮುಂದೆ ನಿಂತು ಕಡಿದ ನೂಲು ಕ್ಷಣದಲ್ಲಿ ಬೆಸೆಯಬಲ್ಲ ಹುಡುಗಿಗೆ ಮೇಣದಬತ್ತಿ ಯಾಕೆ? ಅವಳ ಕೈಯಲ್ಲಿರುವ ಕಸುಬಿಗೆ ಒಳ್ಳೆಯ ಮಿಲ್ಲಿನಲ್ಲಿ ನ್ಯಾಯವಾದ ಸಂಬಳ ಸಿಕ್ಕರೆ ಅದೂ ಪುನರ್ವಸತಿಯೇ.

ಅಂಥ ಮಿಲ್ಲು ಹೇಗಿರಬೇಕು ಎಂಬುದಕ್ಕೆ 2022ರ ಏಪ್ರಿಲ್‌ನ ದಿಂಡಿಗಲ್ ಒಪ್ಪಂದ ಒಂದು ಸುಳಿವು. 2021ರ ಜನವರಿಯಲ್ಲಿ ದಿಂಡಿಗಲ್ ಜಿಲ್ಲೆಯ ಗಾರ್ಮೆಂಟ್ಸ್ ಒಂದರ ಇಪ್ಪತ್ತು ವರ್ಷದ ದಲಿತ ಕಾರ್ಮಿಕಳ ಕೊಲೆಯಾಯಿತು. ಅದರ ನಂತರ ಹೆಂಗಸರ ನೇತೃತ್ವದ ಕಾರ್ಮಿಕ ಸಂಘವೊಂದು ತಿರುಪ್ಪೂರು ಮೂಲದ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಎಂಬ ವಿದೇಶಿ ಕಂಪನಿಗಳೂ ಪ್ರತ್ಯೇಕವಾಗಿ ಇದಕ್ಕೆ ಬದ್ಧವಾದವು. ಅದರಂತೆ ಕಾರ್ಮಿಕ ಹೆಂಗಸರೇ ತರಬೇತಿ ಪಡೆದು ಶಾಪ್ ಫ್ಲೋರ್‌ನಲ್ಲಿ ಕಿರುಕುಳದ ಮೇಲೆ ಕಣ್ಣಿಡುವ ವ್ಯವಸ್ಥೆ ಬಂತು. ಪೋಸ್ಟರ್ ಅಂಟಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಉಡುಮಲೈಯಲ್ಲಿ ಏನಾಗಬೇಕು?

ದೆಹಲಿಯಲ್ಲಿ ಆಗಬೇಕಾದ್ದು ಬೇರೆ. 2030ರ ಹೊತ್ತಿಗೆ ದೇಶದಲ್ಲಿ 1.84 ಕೋಟಿ ಜೀತದಾಳುಗಳನ್ನು ಬಿಡುಗಡೆ ಮಾಡಿ ಪುನರ್ವಸತಿ ಕಲ್ಪಿಸುತ್ತೇವೆ ಎಂದು ಕೇಂದ್ರ ಸರ್ಕಾರ 2016ರಲ್ಲಿ ಗುರಿ ಹೇಳಿಕೊಂಡಿತ್ತು. ಆ ಗಡುವು ಹತ್ತಿರ ಬಂದಿದೆ. ಆದರೆ ನಮ್ಮೂರಿನಲ್ಲೇ, ಈಗಿನ ಕಾನೂನಿನಲ್ಲೇ ಆಗಬಹುದಾದ ಕೆಲಸಗಳಿವೆ.

ಒಂದು, ಉಡುಮಲೈಪೇಟೆ ಒಂದು ಕಂದಾಯ ಉಪವಿಭಾಗ. ಜೀತ ನಿರ್ಮೂಲನ ಕಾಯ್ದೆಯಂತೆ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತ ಸಮಿತಿ ಇರಬೇಕು. ಅದು ನಿಯಮಿತವಾಗಿ ಸಭೆ ಸೇರಬೇಕು. ಬಿಡುಗಡೆ ಪ್ರಮಾಣಪತ್ರಕ್ಕೆ ತಿರುಪ್ಪೂರಿಗೆ ಅಲೆಯಬೇಕಾಗಿಲ್ಲ, ಇಲ್ಲಿಯೇ ಸಹಿ ಬೀಳಬಹುದು.

ಎರಡು, ಹುಡುಗಿ ಬಸ್ ಹತ್ತುವ ಮೊದಲು ಅವಳ ಕೈಯಲ್ಲಿ ನಾಲ್ಕು ವಸ್ತು ಇರಬೇಕು. ಪ್ರಮಾಣಪತ್ರ, ಅವಳ ಹೆಸರಿನ ಬ್ಯಾಂಕ್ ಖಾತೆ, ಮಿಲ್ಲಿನಿಂದ ವಾಪಸ್ ಪಡೆದ ಮೂಲ ದಾಖಲೆಗಳು, ತಕ್ಷಣದ ನೆರವಿನ ಹಣ. ಖಾತೆ ಅಪ್ಪನ ಹೆಸರಿನಲ್ಲಲ್ಲ, ಅವಳ ಹೆಸರಿನಲ್ಲೇ.

ಮೂರು, ಬಾಕಿ ಕೂಲಿ. ಇದು ಪರಿಹಾರಕ್ಕಿಂತ ಬೇರೆ, ಇದು ಅವಳದೇ ದುಡ್ಡು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಬಾಕಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕೂಲಿ ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಮಾಲೀಕನದು. ಭವಿಷ್ಯನಿಧಿಯ ಹಣವನ್ನೂ ಕೇಳಿ ಪಡೆಯಬೇಕು. ಈ ಅರ್ಜಿಗಳನ್ನು ಬರೆದುಕೊಡುವವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಇರಬೇಕು. ಅಲ್ಲಿಯ ಸೇವೆಗೆ ಫೀಸಿಲ್ಲ.

ನಾಲ್ಕು, ಹೇಳಿಕೆ ಪಡೆಯುವಾಗ ಅವಳ ಭಾಷೆ ಬಲ್ಲ, ಮಿಲ್ಲಿಗೆ ಸಂಬಂಧವಿಲ್ಲದ ಒಬ್ಬರು ಜೊತೆಗಿರಬೇಕು. ಒಡಿಯಾ, ಹಿಂದಿ, ಕನ್ನಡ ಬಲ್ಲ ಶಿಕ್ಷಕರು, ನಿವೃತ್ತ ನೌಕರರು ಈ ಪೇಟೆಯಲ್ಲಿ ಸಿಗದವರೇನಲ್ಲ. ಒಂದು ಪಟ್ಟಿ ಮಾಡಿಟ್ಟುಕೊಂಡರೆ ಸಾಕು.

ಐದು, ಮೂರನೇ ತಿಂಗಳು, ಆರನೇ ತಿಂಗಳು, ವರ್ಷ ತುಂಬಿದಾಗ, ಹೀಗೆ ಮೂರು ಸಲ ಅವಳು ಎಲ್ಲಿದ್ದಾಳೆ, ಹಣ ಬಂತೇ, ಆರೋಗ್ಯ ಹೇಗಿದೆ ಎಂದು ಕೇಳುವ ವ್ಯವಸ್ಥೆ ಬೇಕು. ಎಷ್ಟು ಮಂದಿಯನ್ನು ಬಿಡಿಸಿದಿರಿ ಎಂಬ ಅಂಕಿಯ ಪಕ್ಕದಲ್ಲಿ ಎಷ್ಟು ಮಂದಿ ಮತ್ತೆ ಸಿಕ್ಕಿಬೀಳಲಿಲ್ಲ ಎಂಬ ಅಂಕಿಯೂ ಇರಲಿ. ನಿಜವಾದ ಪರೀಕ್ಷೆ ಎರಡನೆಯದೇ.

ಇನ್ನು ನಾವು, ನೀವು. ಬೀದಿಯಲ್ಲಿ ಹೊಸ ಹುಡುಗಿ ಕಂಡರೆ ಗುಸುಗುಸು ಮಾತಾಡುವುದು ಸುಲಭ. ಮಿಲ್ಲಿನಿಂದ ಬಿಡುಗಡೆಯಾಗಿ ಬಂದವಳು ಕೆಟ್ಟವಳಲ್ಲ, ದುಡಿದು ಕೂಲಿ ಸಿಗದೆ ಬಂದವಳು. ಅವಳನ್ನು ಸಂಘಕ್ಕೆ ಸೇರಿಸಿಕೊಳ್ಳಿ, ಮದುವೆಮನೆಗೆ ಕರೆಯಿರಿ, ಬಿಟ್ಟ ಹತ್ತನೇ ಕ್ಲಾಸು ಮುಗಿಸಲು ಹೇಳಿ. ಎಲ್ಲಾದರೂ ಅನುಮಾನ ಬಂದರೆ ಮಕ್ಕಳಿಗಾಗಿ 1098, ಹೆಂಗಸರಿಗಾಗಿ 181, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100. ಫೋನ್ ಮಾಡುವವರು ಹೆಸರು ಹೇಳಲೇಬೇಕೆಂದಿಲ್ಲ.

ಸುಮಂಗಲಿ ಎಂಬುದು ಒಳ್ಳೆಯ ಮಾತು. ಮಂಗಳವಾಗಲಿ ಎಂದು ಹಿರಿಯರು ಹರಸುವ ಮಾತು. ಅದನ್ನು ಈ ಸೀಮೆಯ ಮಿಲ್ಲುಗಳಲ್ಲಿ ಕೆಡಿಸಿದರು. ಬಿಡುಗಡೆಯಾದ ಒಬ್ಬ ಹುಡುಗಿ ತನ್ನ ಖಾತೆಯ ಪಾಸ್‌ಬುಕ್ ತೆರೆದು ತನ್ನದೇ ದುಡ್ಡು ನೋಡಿ, ಬಾಗಿಲಿಗೆ ಬಂದ ದಲ್ಲಾಳಿಗೆ 'ನಾನು ಬರುವುದಿಲ್ಲ' ಎಂದು ಹೇಳಿದ ದಿನವೇ ಅವಳ ಬಿಡುಗಡೆ ಪೂರ್ತಿಯಾದಂತೆ. ಅಲ್ಲಿಯವರೆಗೆ ವ್ಯಾನಿನ ಫೋಟೋ ಹಾಕಿ ಬೆನ್ನು ತಟ್ಟಿಕೊಳ್ಳುವುದು ಬೇಡ.